ಡಿಸ್ಚಾರ್ಜ್ ಬುಕ್ಕಿನಲ್ಲಿ ತಪ್ಪಿದೆಯಾ? ನೀವಿರುವಾಗಲೇ ಸರಿ ಮಾಡಿಸಿ

ಇವತ್ತು ರಾತ್ರಿ ಊಟ ಆದಮೇಲೆ ಆ ಕಪ್ಪು ಟ್ರಂಕು ತೆಗೆಯಿರಿ. ಸೇನೆಯಿಂದ ಹೊರಬರುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ ಹೊರಗಿಡಿ. ಅದರ ಪಕ್ಕದಲ್ಲಿ ಪಿಪಿಓ (ಪೆನ್ಷನ್ ಮಂಜೂರು ಮಾಡಿದ ಆದೇಶ), ನಿಮ್ಮ ಆಧಾರ್, ಹೆಂಡತಿಯ ಆಧಾರ್, ಇಬ್ಬರ ಪ್ಯಾನ್ ಕಾರ್ಡು, ಮಕ್ಕಳ ಅಂಕಪಟ್ಟಿ, ಬ್ಯಾಂಕಿನ ಪಾಸ್‌ಬುಕ್ ಇಟ್ಟುಕೊಳ್ಳಿ. ಹೆಂಡತಿಯನ್ನೂ ಜೊತೆಗೆ ಕೂರಿಸಿಕೊಳ್ಳಿ, ಯಾಕೆಂದರೆ ಈ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಅವರಿಗಾಗಿಯೇ. ಈಗ ಒಂದೊಂದೇ ಹೆಸರು, ಒಂದೊಂದೇ ತಾರೀಖು, ಅಕ್ಷರ ಬಿಡದೆ ಹೋಲಿಸಿ ನೋಡಿ. ಎಲ್ಲೆಲ್ಲಿ ವ್ಯತ್ಯಾಸ ಕಾಣುತ್ತದೋ ಅದನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಬುಕ್ಕಿನ ಮೇಲೆ ಮಾತ್ರ ಪೆನ್ನು ಇಡಬೇಡಿ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ಯುನಿಟ್ ಆಫೀಸಿನಲ್ಲಿ ಕೂತು ಎಷ್ಟೋ ಜನರ ಮದುವೆ, ಮಕ್ಕಳ ಜನನ, ರಜೆ, ಬಡ್ತಿ ಎಲ್ಲವನ್ನೂ ದಾಖಲೆಗೆ ಸೇರಿಸುವ ಅಧಿಕೃತ ಆದೇಶವಾದ ಪಾರ್ಟ್ ಟು ಆರ್ಡರ್‌ನಲ್ಲಿ ಬರೆದಿದ್ದೇನೆ. ಹಾಗಾಗಿ ತಪ್ಪು ಹೇಗೆ ಹುಟ್ಟುತ್ತದೆ ಎಂದು ನನಗೆ ಗೊತ್ತು. ನಮ್ಮ ಕಡೆಯ ಹುಡುಗ ರಜೆಗೆ ಹೋಗಿ ಮದುವೆ ಮಾಡಿಕೊಂಡು ಬರುತ್ತಾನೆ. ಆಫೀಸಿನಲ್ಲಿ ಕೂತವನು ಬಿಹಾರದವನೋ ಹರಿಯಾಣದವನೋ ಆಗಿರುತ್ತಾನೆ. 'ಬೀವಿ ಕಾ ನಾಮ್?' ಎನ್ನುತ್ತಾನೆ. ಹುಡುಗ 'ಯಲ್ಲವ್ವ' ಎನ್ನುತ್ತಾನೆ, ಕಾಗದದ ಮೇಲೆ 'ಎಲಾವಾ' ಎಂದು ಬೀಳುತ್ತದೆ. ಹುಡುಗ ಓದದೆ ಸಹಿ ಹಾಕುತ್ತಾನೆ, ಯಾಕೆಂದರೆ ಹೊರಗೆ ಫಾಲ್ ಇನ್, ಅಂದರೆ ಎಲ್ಲರೂ ಸಾಲಾಗಿ ನಿಲ್ಲುವುದು, ಆಗುತ್ತಿರುತ್ತದೆ. ಮೂವತ್ತು ವರ್ಷ ಆದಮೇಲೆ ಆ ಒಂದು ಪದ ಒಂದು ಮನೆಯ ಅನ್ನಕ್ಕೆ ಅಡ್ಡ ಬರುತ್ತದೆ.

ಪೆನ್ಷನ್ ಬಂದಮೇಲೆ ನಾನು ನೋಡಿಕೊಟ್ಟ ಮೊದಲ ಕೇಸೇ ಅಂಥದ್ದು. ನಮ್ಮ ಪಕ್ಕದ ಹಳ್ಳಿಯ ಒಬ್ಬ ಅಕ್ಕ, ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಬಟ್ಟೆ ಚೀಲದ ತುಂಬ ಕಾಗದ ತಂದು ನನ್ನ ಮುಂದೆ ಸುರಿದರು. ಗಂಡನ ದಾಖಲೆಯಲ್ಲಿ ಇದ್ದದ್ದು ತವರಿನ ಹೆಸರು. ಮದುವೆ ದಿನ ಅಕ್ಕಿಯಲ್ಲಿ ಬರೆಸಿ ಇಟ್ಟ ಗಂಡನ ಮನೆಯ ಹೆಸರು ಆಧಾರಿನಲ್ಲಿ, ರೇಷನ್ ಕಾರ್ಡಿನಲ್ಲಿ, ವೋಟರ್ ಕಾರ್ಡಿನಲ್ಲಿ. ನಮ್ಮ ಕಡೆ ಇದು ಸಾಮಾನ್ಯ ಅಲ್ವಾ? ಆದರೆ ಕಚೇರಿಯ ಕಣ್ಣಿಗೆ ಅವು ಇಬ್ಬರು ಹೆಂಗಸರು. ಅದು ಸರಿ ಆಗಿ ಫ್ಯಾಮಿಲಿ ಪೆನ್ಷನ್ ಕೈಗೆ ಬರುವಷ್ಟರಲ್ಲಿ ಮತ್ತೆ ಒಂದು ವರ್ಷ ಹೋಯಿತು. ಗಂಡ ಇದ್ದಿದ್ದರೆ ಒಂದು ಅರ್ಜಿ, ಒಂದು ಅಫಿಡವಿಟ್, ಒಂದು ಜೋಡಿ ಫೋಟೋದಲ್ಲಿ ಮುಗಿಯುತ್ತಿದ್ದ ಕೆಲಸ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದೆಲ್ಲ ಜವಾನರು ಮತ್ತು ಜೆಸಿಓಗಳಿಗೆ, ಅಂದರೆ ಸುಬೇದಾರ್ ದರ್ಜೆಯವರಿಗೆ. ಅಧಿಕಾರಿಗಳ ದಾಖಲೆ ದೆಹಲಿಯ ಸೇನಾ ಮುಖ್ಯಾಲಯದಲ್ಲಿರುತ್ತದೆ, ಅವರ ದಾರಿ ಬೇರೆ.

ಬುಕ್ ಬರೀ ಪ್ರತಿ, ಮೂಲ ಬೇರೆ ಕಡೆ ಇದೆ

ತುಂಬಾ ಜನ ಡಿಸ್ಚಾರ್ಜ್ ಬುಕ್ಕೇ ದಾಖಲೆ ಎಂದುಕೊಂಡಿದ್ದಾರೆ. ಅಲ್ಲ. ನೀವು ಭರ್ತಿ ಆದ ದಿನದಿಂದ ಹೊರಬಂದ ದಿನದವರೆಗಿನ ಮೂಲ ದಾಖಲೆ ನಿಮ್ಮ ರೆಜಿಮೆಂಟಿನ ಅಥವಾ ಕೋರ್‌ನ ರೆಕಾರ್ಡ್ಸ್ ಕಚೇರಿಯಲ್ಲಿದೆ: ಭರ್ತಿ ಫಾರಂ, ಸೇವೆಯ ವಿವರದ ಶೀಟ್ ರೋಲ್, ಮನೆಯವರ ವಿವರದ ಕಿಂಡ್ರೆಡ್ ರೋಲ್, ಒಂದೊಂದು ಪಾರ್ಟ್ ಟು ಆರ್ಡರ್. ಬುಕ್ಕಿನಲ್ಲಿ ಇರುವುದು ಅದರಿಂದ ನಕಲು ಮಾಡಿದ್ದು. ಪೆನ್ಷನ್ ಮಂಜೂರಾದದ್ದು ಪಿಪಿಓ ಮೇಲೆ, ಭೂಸೇನೆಯವರಿಗೆ ಅದನ್ನು ಹೊರಡಿಸುವುದು ಪ್ರಯಾಗ್‌ರಾಜ್‌ನ ಪಿಸಿಡಿಎ ಪೆನ್ಷನ್ ಕಚೇರಿ. ಈಗ ಅದೇ ವಿವರ ರಕ್ಷಣಾ ಪೆನ್ಷನ್ನಿನ ಸ್ಪರ್ಶ್ ಪೋರ್ಟಲ್‌ನಲ್ಲೂ ಕೂತಿದೆ.

ಆದ್ದರಿಂದ ಮೊದಲು ಗೊತ್ತು ಮಾಡಿಕೊಳ್ಳಬೇಕಾದದ್ದು ತಪ್ಪು ಎಲ್ಲಿ ನುಸುಳಿದೆ ಎಂದು. ಮೂಲದಲ್ಲಿ ಸರಿಯಿದ್ದು ಬುಕ್ಕಿಗೆ ಇಳಿಸುವಾಗ ತಪ್ಪಾಗಿದ್ದರೆ ಕೆಲಸ ಸುಲಭ. ಬುಕ್ ಸರಿಯಿದ್ದು ಪಿಪಿಓನಲ್ಲಿ ತಪ್ಪಿದ್ದರೂ ಕಷ್ಟವಿಲ್ಲ, ರೆಕಾರ್ಡ್ಸ್‌ನವರು ಪ್ರಯಾಗ್‌ರಾಜಿಗೆ ಬರೆದು ತಿದ್ದುಪಡಿ ಪಿಪಿಓ, ಅಂದರೆ ಕೊರಿಜೆಂಡಮ್ ತರಿಸುತ್ತಾರೆ. ಎರಡೂ ಸರಿಯಿದ್ದು ಹಳೆಯ ಬ್ಯಾಂಕ್ ಪೆನ್ಷನ್ನಿನಿಂದ ಸ್ಪರ್ಶ್‌ಗೆ ಹಾಕುವಾಗ ತಪ್ಪಿದ್ದರೆ ಅದನ್ನು ಸ್ಪರ್ಶ್‌ನಲ್ಲೇ ಎತ್ತಬೇಕು. ಮೂಲದಲ್ಲೇ ತಪ್ಪಿದ್ದರೆ ಮಾತ್ರ ಸಾಕ್ಷ್ಯ ಜಾಸ್ತಿ ಬೇಕು, ತಾಳ್ಮೆಯೂ ಬೇಕು.

ಮೂಲದಲ್ಲಿ ಏನಿದೆ ಎಂದು ತಿಳಿಯಲು ರೆಕಾರ್ಡ್ಸ್‌ಗೆ ಒಂದು ಪತ್ರ ಬರೆದು ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನ ಗಡುವು, ಆನ್‌ಲೈನಿನಲ್ಲೂ ಹಾಕಬಹುದು. 'ನನ್ನ ಶೀಟ್ ರೋಲ್, ಭರ್ತಿ ಫಾರಂ ಮತ್ತು ನನ್ನ ಕುಟುಂಬದ ಬಗ್ಗೆ ಪ್ರಕಟವಾದ ಪಾರ್ಟ್ ಟು ಆರ್ಡರ್‌ಗಳ ದೃಢೀಕೃತ ಪ್ರತಿ ಕೊಡಿ' ಎಂದು ಕೇಳಿ. 'ಯಾಕೆ ತಪ್ಪು ಮಾಡಿದಿರಿ' ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಕಾಗದ ಕೇಳಿ, ಕಾಗದ ಬರುತ್ತದೆ.

ಇನ್ನು ಆ ಪೆನ್ನಿನ ವಿಷಯ. ಒಬ್ಬ ಹವಾಲ್ದಾರರು ಮಗನ ಹುಟ್ಟಿದ ವರ್ಷದ ಕೊನೆಯ ಅಂಕಿಯನ್ನು ಮನೆಯಲ್ಲೇ ತಿದ್ದಿದ್ದರು. ಒಳ್ಳೆಯ ಮನಸ್ಸಿನಿಂದಲೇ ತಿದ್ದಿದ್ದು, ಸರಿಯಾದ ವರ್ಷವೇ ಅದು. ಆದರೆ ಆಮೇಲೆ ಆ ಬುಕ್ಕನ್ನು ಯಾವ ಕಚೇರಿಯೂ ಮುಟ್ಟಲಿಲ್ಲ. ತಿದ್ದುವ ಅಧಿಕಾರ ಇರುವುದು ರೆಕಾರ್ಡ್ಸ್‌ಗೆ ಮಾತ್ರ, ಅವರ ಸಹಿ, ಅವರ ಸೀಲು. ಲ್ಯಾಮಿನೇಷನ್ ಕೂಡ ಮಾಡಿಸಬೇಡಿ, ಆಮೇಲೆ ಅದರ ಮೇಲೆ ಸೀಲು ಹಾಕಲು ಆಗುವುದಿಲ್ಲ.

ಎಲ್ಲ ವ್ಯತ್ಯಾಸವೂ ತಪ್ಪಲ್ಲ

1985ರಲ್ಲಿ ಭರ್ತಿ ಆದವರ ಬುಕ್ಕಿನಲ್ಲಿ 'ಹಾವೇರಿ ತಾಲೂಕು, ಧಾರವಾಡ ಜಿಲ್ಲೆ' ಎಂದಿರುತ್ತದೆ. 1997ರಲ್ಲಿ ಹಾವೇರಿಯೇ ಜಿಲ್ಲೆ ಆಯಿತು. ಗದಗ, ಬಾಗಲಕೋಟೆ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರದವರದ್ದೂ ಇದೇ ಕಥೆ. ಬೆಲ್ಗಾಂ ಬೆಳಗಾವಿ ಆದದ್ದು 2014ರ ನವೆಂಬರ್ 1ರಿಂದ. ಇವು ತಪ್ಪುಗಳಲ್ಲ, ಆಗ ಅದೇ ಸರಿ ಇತ್ತು. ಈಗಿನ ವಿಳಾಸ ಕೊಟ್ಟು ವಿಳಾಸ ಬದಲಾವಣೆಯ ಅರ್ಜಿ ಹಾಕಿದರೆ ಸಾಕು, ಅಫಿಡವಿಟ್ಟಿಗೆ ಓಡಾಡಿ ಸುಮ್ನೆ ದುಡ್ಡು ಕಳೆಯಬೇಡಿ.

ಇನ್ನೊಂದು ಮಾತು, ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಸೇನೆಯ ದಾಖಲೆ ಸರಿಯಿದ್ದು ಆಧಾರ್ ತಪ್ಪಿರುವುದು ಎಷ್ಟೋ ಸಲ ಇರುತ್ತದೆ. ಆಧಾರ್ ಮಾಡಿಸುವಾಗ ಊರಿನ ಸಾಲಿನಲ್ಲಿ ನಿಂತು ಬಾಯಲ್ಲಿ ಹೇಳಿದ್ದು, ಅವರು ಕೇಳಿಸಿಕೊಂಡಂತೆ ಟೈಪ್ ಮಾಡಿದ್ದು. ಅಂಥ ಕಡೆ ಆಧಾರನ್ನೇ ಸೇನೆಯ ದಾಖಲೆಗೆ ಹೊಂದಿಸಿಕೊಳ್ಳಿ, ಅದು ಎಷ್ಟೋ ಬೇಗ ಆಗುವ ಕೆಲಸ. ಆದರೆ ಆಧಾರಿನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಬಿಡುತ್ತಾರೆ. ಆದ್ದರಿಂದ ಎಲ್ಲ ಕಾಗದ ಮುಂದಿಟ್ಟುಕೊಂಡು, ಕೊನೆಗೆ ಎಲ್ಲದರಲ್ಲೂ ಇರಬೇಕಾದ ಒಂದೇ ಕಾಗುಣಿತ ಯಾವುದು ಎಂದು ಮೊದಲು ತೀರ್ಮಾನ ಮಾಡಿ, ಆಮೇಲೆ ಕೈ ಹಾಕಿ. ಸಾಮಾನ್ಯವಾಗಿ ಭರ್ತಿ ಆಗುವಾಗ ಕೊಟ್ಟ ಶಾಲೆಯ ದಾಖಲೆಯ ಕಾಗುಣಿತವನ್ನು ಹಿಡಿಯುವುದು ಒಳ್ಳೆಯದು.

ನಮ್ಮ ಹೆಸರುಗಳ ಗೊಂದಲ ಬೇರೆಯೇ ಇದೆ. ಮೈಸೂರು ಕಡೆ ಇನಿಶಿಯಲ್, ಧಾರವಾಡ ಕಡೆ ತನ್ನ ಹೆಸರು, ತಂದೆ ಹೆಸರು, ಅಡ್ಡಹೆಸರು. ಕೊಡಗಿನಲ್ಲಿ ಮನೆತನದ ಹೆಸರು ಮೊದಲು. ಕೊಡಂದೇರ ಮಾದಪ್ಪ ಕಾರ್ಯಪ್ಪ ಎನ್ನುವಲ್ಲಿ ಕರೆಯುವ ಹೆಸರು ಕೊನೆಯದು. ಗೌಡ ಎನ್ನುವ ಒಂದೇ ಪದವನ್ನು ಇಂಗ್ಲಿಷಿನಲ್ಲಿ ಮೂರು ತರ ಬರೆಯುತ್ತಾರೆ. ಅರ್ಜಿಯಲ್ಲಿ ಇದನ್ನು ಎರಡು ಸಾಲಿನಲ್ಲಿ ವಿವರಿಸಿ. ನಾಸಿಕ್‌ನಲ್ಲೋ ಜಬಲ್ಪುರದಲ್ಲೋ ರೆಕಾರ್ಡ್ಸ್ ಕಚೇರಿಯಲ್ಲಿ ಕೂತವರಿಗೆ ನಮ್ಮ ಪದ್ಧತಿ ಗೊತ್ತಿರಬೇಕು ಎಂದೇನೂ ಇಲ್ಲ, ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಯಾವ ತಪ್ಪಿಗೆ ಏನು ಬೇಕು

ಹೆಂಡತಿಯ ಹೆಸರು ಅಥವಾ ಹುಟ್ಟಿದ ದಿನಾಂಕ ತಪ್ಪಿದ್ದರೆ, ಅಥವಾ ದಾಖಲೆಯಲ್ಲಿ ಇಲ್ಲವೇ ಇಲ್ಲದಿದ್ದರೆ, ಎಲ್ಲಕ್ಕಿಂತ ಮೊದಲು ಅದನ್ನು ಹಿಡಿಯಿರಿ. ನಿಮ್ಮ ಸಹಿ ಇರುವ ಅರ್ಜಿ, ಇಬ್ಬರ ಆಧಾರ್ ಮತ್ತು ಪ್ಯಾನ್, ಮದುವೆ ನೋಂದಣಿ ಪತ್ರ, ಜೋಡಿ ಫೋಟೋ, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಓ ಜೆರಾಕ್ಸ್, ಎರಡು ಹೆಸರೂ ಒಬ್ಬರದ್ದೇ ಎನ್ನುವ ಅಫಿಡವಿಟ್. ಮದುವೆ ನೋಂದಣಿ ಆಗಿಲ್ಲವೇ? ಈಗ ಮಾಡಿಸಿ. ಮದುವೆಯಾಗಿ ಮೂವತ್ತೈದು ವರ್ಷ ಆಗಿದ್ದರೂ ಉಪನೋಂದಣಿ ಕಚೇರಿಯಲ್ಲಿ ಆಗುತ್ತದೆ, ನಾಚಿಕೆ ಪಡುವಂಥದ್ದು ಏನೂ ಇಲ್ಲ. ಅಫಿಡವಿಟ್ ನೋಟರಿ ಮುಂದೆ ಸಾಕಾ, ಮ್ಯಾಜಿಸ್ಟ್ರೇಟ್ ಮುಂದೆ ಬೇಕಾ ಎಂದು ರೆಕಾರ್ಡ್ಸ್‌ಗೆ ಮೊದಲೇ ಕೇಳಿಕೊಳ್ಳಿ, ಎರಡು ಸಲ ಖರ್ಚು ತಪ್ಪುತ್ತದೆ.

ಹೆಂಡತಿಯ ಹುಟ್ಟಿದ ದಿನಾಂಕ ಯಾಕೆ ಅಷ್ಟು ಮುಖ್ಯ ಎಂದು ಕೇಳಬಹುದು. ಪೆನ್ಷನ್ ಪಡೆಯುವವರಿಗೆ 80 ತುಂಬಿದಾಗ ಮೂಲ ಪೆನ್ಷನ್ನಿನ ಮೇಲೆ 20 ಪರ್ಸೆಂಟ್ ಜಾಸ್ತಿ ಸಿಗುತ್ತದೆ, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ನೂರು. ಫ್ಯಾಮಿಲಿ ಪೆನ್ಷನ್ನಿಗೂ ಇದು ಇದೆ. ದಾಖಲೆಯಲ್ಲಿ ಹುಟ್ಟಿದ ದಿನಾಂಕವೇ ಇಲ್ಲದಿದ್ದರೆ 80 ಆಯಿತು ಎಂದು ಕಂಪ್ಯೂಟರಿಗೆ ಹೇಗೆ ತಿಳಿಯಬೇಕು? ಹಳೆಯ ಪಿಪಿಓಗಳಲ್ಲಿ ಆ ಜಾಗ ಖಾಲಿ ಇರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಮಕ್ಕಳ ವಿಷಯದಲ್ಲಿ ಜನನ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇದ್ದರೆ ಆಯಿತು. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು, ಪಾರ್ಟ್ ಟು ಆರ್ಡರಿನಲ್ಲಿ ನಿಜವಾದ ತಾರೀಖು ಇರುತ್ತದೆ. ಈಗ ಮಗುವಿನ ಎಲ್ಲ ಸರ್ಟಿಫಿಕೇಟು ಜೂನ್ 1ರ ಮೇಲೆ ನಿಂತಿದ್ದರೆ ಸೇನೆಯ ದಾಖಲೆಯನ್ನೇ ಅದಕ್ಕೆ ಹೊಂದಿಸುವುದು ಸುಲಭ. ಮಾಜಿ ಸೈನಿಕರ ಮಕ್ಕಳ ಕೋಟಾದಲ್ಲಿ ಸೀಟು ಕೇಳುವಾಗ ಕೌನ್ಸೆಲಿಂಗ್ ದಿನ ಇದು ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೆ ಹತ್ತನೇ ಕ್ಲಾಸು ಮುಗಿದ ಕೂಡಲೇ ನೋಡಿಕೊಳ್ಳಿ.

ಮನೆಯಲ್ಲಿ ಅಂಗವಿಕಲ ಮಗು ಇದ್ದರೆ ದಯವಿಟ್ಟು ಈ ಸಾಲನ್ನು ಎರಡು ಸಲ ಓದಿ. ದುಡಿದು ತಿನ್ನಲಾಗದ ಮಗುವಿಗೆ ತಂದೆ ತಾಯಿಯ ನಂತರವೂ ಜೀವನ ಪೂರ್ತಿ ಫ್ಯಾಮಿಲಿ ಪೆನ್ಷನ್ ಬರುವ ನಿಯಮ ಇದೆ. ಆದರೆ ಆ ಮಗುವಿನ ಹೆಸರು, ಅಂಗವಿಕಲತೆ ಎರಡೂ ದಾಖಲೆಗೆ ಸೇರಿರಬೇಕು. ನೀವಿಬ್ಬರೂ ಇರುವಾಗಲೇ ವೈದ್ಯಕೀಯ ಪ್ರಮಾಣಪತ್ರದ ಜೊತೆ ಹಾಕಿಸಿ. ನೀವು ಹೋದಮೇಲೆ ಆ ಮಗು ಯಾವ ಕಚೇರಿಗೆ ಹೋಗಿ ಯಾರನ್ನು ಕೇಳಬೇಕು?

ನಿಮ್ಮದೇ ಹುಟ್ಟಿದ ದಿನಾಂಕ ಮಾತ್ರ ಕಷ್ಟದ ವಿಷಯ, ಸುಳ್ಳು ಭರವಸೆ ಕೊಡುವುದಿಲ್ಲ. ಭರ್ತಿ ವೇಳೆ ಬರೆದ ದಿನಾಂಕವನ್ನು ಸೇನೆ ಸುಲಭವಾಗಿ ಬಿಡುವುದಿಲ್ಲ. ಸೇನಾ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ದಾಖಲೆಯಲ್ಲೇ ಒಂದು ಶಾಖೆಯಲ್ಲಿ 1950, ಇನ್ನೊಂದರಲ್ಲಿ 1951 ಎಂದಿತ್ತು. ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಿ 2012ರ ಫೆಬ್ರವರಿಯಲ್ಲಿ ಅರ್ಜಿ ವಾಪಸ್ ತೆಗೆದುಕೊಂಡರು, 1950 ಎಂದೇ ಉಳಿಯಿತು. ನಿಮಗೆ ದಾರಿ ಇರುವುದು ಒಂದೇ ಸಂದರ್ಭದಲ್ಲಿ: ಭರ್ತಿ ದಿನ ಕೊಟ್ಟ ಶಾಲೆಯ ದಾಖಲೆಯಲ್ಲಿ ಒಂದು ದಿನಾಂಕ ಇದ್ದು, ಅದನ್ನು ಇಳಿಸಿಕೊಳ್ಳುವಾಗ ತಪ್ಪಾಗಿದ್ದರೆ. ಆಗ ಆ ಹಳೆಯ ಕಾಗದವೇ ನಿಮ್ಮ ಸಾಕ್ಷಿ.

ಸರ್ವಿಸಿನ ಲೆಕ್ಕ ನೋಡುವುದನ್ನು ತುಂಬಾ ಜನ ಮರೆಯುತ್ತಾರೆ. ಭರ್ತಿ ದಿನಾಂಕ, ಡಿಸ್ಚಾರ್ಜ್ ದಿನಾಂಕ, ನಡುವೆ ಲೆಕ್ಕಕ್ಕೆ ಬರದ ದಿನಗಳು, ಇಷ್ಟನ್ನೂ ಕೂಡಿಸಿ ಕಳೆದು ನೋಡಿ. ಜವಾನನಿಗೆ ಸರ್ವಿಸ್ ಪೆನ್ಷನ್ ಬರಲು 15 ವರ್ಷದ ಅರ್ಹ ಸೇವೆ ಬೇಕು. ರಜೆಯನ್ನು ಗೈರುಹಾಜರಿ ಎಂದು ಬರೆದಿದ್ದರೆ ಆ ಕೆಲವು ದಿನಗಳಿಂದ ಪೆನ್ಷನ್ನೇ ಹೋಗಬಹುದು. ಒಂದು ವರ್ಷದವರೆಗಿನ ಕೊರತೆಯನ್ನು ಮನ್ನಾ ಮಾಡುವ ಅವಕಾಶವೂ ಇದೆ, ಅದನ್ನು ಬೇರೆ ಅರ್ಜಿಯಲ್ಲಿ ಕೇಳಬೇಕು. ಹಾಗೆಯೇ ಮೆಡಲ್, ಟ್ರೇಡ್, ವಿದ್ಯಾಭ್ಯಾಸ, ಕ್ಯಾರೆಕ್ಟರ್ ಕಾಲಂ ನೋಡಿ. ಬ್ಯಾಂಕಿಗೋ ರೈಲ್ವೆಗೋ ಮಾಜಿ ಸೈನಿಕರ ಕೋಟಾದಲ್ಲಿ ಅರ್ಜಿ ಹಾಕುವ ಹುಡುಗರಿಗೆ ಇವು ಬೇಕೇ ಬೇಕು.

ಆದರೆ ಅಂಗವೈಕಲ್ಯ ಸರ್ವಿಸಿನಿಂದ ಬಂದದ್ದಲ್ಲ ಎಂದು ಮೆಡಿಕಲ್ ಬೋರ್ಡ್ ಬರೆದಿದ್ದರೆ ಅದು ಬರವಣಿಗೆಯ ತಪ್ಪಲ್ಲ, ತೀರ್ಮಾನ. ಅದಕ್ಕೆ ತಿದ್ದುಪಡಿ ಅರ್ಜಿ ನಡೆಯುವುದಿಲ್ಲ. ಆದೇಶ ಕೈಗೆ ಬಂದ ಆರು ತಿಂಗಳೊಳಗೆ ಮೊದಲ ಅಪೀಲು ಹಾಕಬೇಕು. ಎರಡನ್ನೂ ಒಂದೇ ಪತ್ರದಲ್ಲಿ ಕಲಸಬೇಡಿ.

ಎಲ್ಲಿಗೆ, ಹೇಗೆ ಕಳಿಸುವುದು

ಎಂಇಜಿ, ಎಎಸ್‌ಸಿ, ಸಿಎಂಪಿ (ಎಂಜಿನಿಯರ್, ಸರಬರಾಜು, ಮಿಲಿಟರಿ ಪೊಲೀಸ್), ಪ್ಯಾರಾ, ಪಯೋನಿಯರ್ ರೆಕಾರ್ಡ್ಸ್ ನಮ್ಮ ಬೆಂಗಳೂರಿನಲ್ಲೇ ಇವೆ, ಮರಾಠಾ ಲೈಟ್ ಇನ್ಫೆಂಟ್ರಿಯದು ಬೆಳಗಾವಿ. ಮದ್ರಾಸ್ ರೆಜಿಮೆಂಟಿನವರಿಗೆ ವೆಲಿಂಗ್ಟನ್, ಆರ್ಟಿಲರಿಗೆ ನಾಸಿಕ್ ರೋಡ್ ಕ್ಯಾಂಪ್, ಸಿಗ್ನಲ್ಸ್‌ಗೆ ಜಬಲ್ಪುರ, ಇಎಂಇ ಮತ್ತು ಎಓಸಿಗೆ ಸಿಕಂದರಾಬಾದ್, ಎಎಂಸಿಗೆ ಲಖನೌ. ಪೆನ್ಷನ್ ಬಂದಮೇಲೆ ಡಿಎಸ್‌ಸಿಗೆ (ರಕ್ಷಣಾ ಭದ್ರತಾ ದಳ) ಮತ್ತೆ ಸೇರಿದವರಿಗೆ ಕಣ್ಣೂರಿನಲ್ಲಿ ಇನ್ನೊಂದು ದಾಖಲೆ ಇದೆ, ಎರಡೂ ಕಡೆ ಸರಿ ಮಾಡಿಸಬೇಕು. ಏರ್‌ಫೋರ್ಸಿನವರದ್ದು ದೆಹಲಿಯ ಸುಬ್ರತೋ ಪಾರ್ಕ್, ನೇವಿಯವರದ್ದು ಮುಂಬೈನ ಮಾನ್‌ಖುರ್ದ್.

ಬೆಂಗಳೂರು, ಬೆಳಗಾವಿಯ ಹತ್ತಿರ ಇರುವವರು ಒಂದು ಸಲ ಖುದ್ದಾಗಿ ಹೋಗಿಬನ್ನಿ. ಬೇರೆಯವರು ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕ ಕಳಿಸಿ, ನಾವು ಸೈನಿಕ ಬೋರ್ಡ್ ಎನ್ನುತ್ತೇವಲ್ಲ, ಅದೇ. ಅಲ್ಲಿನ ಅಧಿಕಾರಿ ಕಾಗದ ನೋಡಿ ಸಹಿ ಹಾಕಿ ಕಳಿಸಿದರೆ ಅರ್ಜಿಗೆ ತೂಕ ಬರುತ್ತದೆ, ಸಣ್ಣಪುಟ್ಟ ಕೊರತೆ ಅಲ್ಲೇ ಗೊತ್ತಾಗುತ್ತದೆ. ದುಡ್ಡು ಕೊಟ್ಟರೆ ಬೇಗ ಮಾಡಿಸುತ್ತೇನೆ ಎನ್ನುವ ಏಜೆಂಟ್ ಸಿಕ್ಕರೆ ನಿಲ್ಲಬೇಡಿ, ಸ್ಪರ್ಶ್‌ನವರು ಎಂದು ಫೋನ್ ಮಾಡಿ ಓಟಿಪಿ ಕೇಳಿದರೆ ಇಟ್ಟುಬಿಡಿ.

ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆಯಿರಿ. ಮೇಲೆ ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಭರ್ತಿ ಮತ್ತು ಡಿಸ್ಚಾರ್ಜ್ ದಿನಾಂಕ, ಪಿಪಿಓ ನಂಬರ್, ಮೊಬೈಲ್ ನಂಬರ್. ಕೆಳಗೆ ಒಂದು ಸಣ್ಣ ಪಟ್ಟಿ: ಈಗ ಏನಿದೆ, ಏನಾಗಬೇಕು, ಅದಕ್ಕೆ ಯಾವ ದಾಖಲೆ ಲಗತ್ತಿಸಿದ್ದೇನೆ. ಅಷ್ಟೇ. ಕಾರ್ಗಿಲ್‌ನಲ್ಲಿದ್ದ ಕಥೆ, ಆರೋಗ್ಯದ ಕಥೆ ಬೇಡ. ಓದುವ ಕ್ಲರ್ಕಿನ ಮೇಜಿನ ಮೇಲೆ ಅಂಥ ಇನ್ನೂರು ಕಾಗದ ಇರುತ್ತದೆ, ಪಟ್ಟಿ ಕಂಡರೆ ನಿಮ್ಮದನ್ನು ಮೊದಲು ಎತ್ತಿಕೊಳ್ಳುತ್ತಾನೆ, ನಾನೂ ಹಾಗೇ ಮಾಡುತ್ತಿದ್ದೆ. ಕನ್ನಡದಲ್ಲಿರುವ ಟಿಸಿ, ಪಂಚಾಯಿತಿ ಪತ್ರಗಳಿಗೆ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ ಲಗತ್ತಿಸಿ. ಇದೊಂದು ಇಲ್ಲದೆ ವಾಪಸ್ ಬಂದ ಅರ್ಜಿಗಳು ಎಷ್ಟೋ. ಕೇಳದ ಹೊರತು ಮೂಲ ಪ್ರತಿ ಕಳಿಸಬೇಡಿ, ಡಿಸ್ಚಾರ್ಜ್ ಬುಕ್ ಕೇಳಿದರೆ ಎಲ್ಲ ಪುಟ ಜೆರಾಕ್ಸ್ ಮಾಡಿಟ್ಟುಕೊಂಡು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಜೋಪಾನ ಮಾಡಿ. ಬುಕ್ಕೇ ಕಳೆದುಹೋಗಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಅದರ ಪ್ರತಿ ಮತ್ತು ಅಫಿಡವಿಟ್ ಜೊತೆ ಇದೇ ದಾರಿಯಲ್ಲಿ ಕೇಳಬೇಕು.

ಉತ್ತರ ಬರದಿದ್ದರೆ

ಎರಡು ತಿಂಗಳು ಕಾದು ಒಂದು ನೆನಪಿನ ಪತ್ರ, ಹಳೆಯ ಪತ್ರದ ತಾರೀಖು, ರಸೀತಿ ನಂಬರ್ ಹಾಕಿ. ಆಮೇಲೂ ಸುದ್ದಿ ಇಲ್ಲದಿದ್ದರೆ ಕೇಂದ್ರ ಸರ್ಕಾರದ ದೂರು ದಾಖಲಿಸುವ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ಮಾಜಿ ಸೈನಿಕರ ಕಲ್ಯಾಣ ಇಲಾಖೆಯ ಹೆಸರಿಗೆ ದೂರು ಹಾಕಿ. ಹಾಕಿದ ದೂರಿಗೆ ನಂಬರ್ ಬರುತ್ತದೆ, ನಂಬರ್ ಬಂದರೆ ಯಾರಾದರೂ ಉತ್ತರ ಕೊಡಲೇಬೇಕು. ಪೆನ್ಷನ್ ಅದಾಲತ್ ನಿಮ್ಮ ಊರ ಹತ್ತಿರ ನಡೆದರೆ ತಪ್ಪಿಸಬೇಡಿ, ರೆಕಾರ್ಡ್ಸ್‌ನವರು, ಪೆನ್ಷನ್ ಕಚೇರಿಯವರು ಒಂದೇ ಮೇಜಿನಲ್ಲಿ ಸಿಗುತ್ತಾರೆ.

ಕೊನೆಯ ದಾರಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಎಎಫ್‌ಟಿ. 2007ರ ಕಾಯ್ದೆಯಿಂದ ಬಂದದ್ದು. ಮೊದಲು ಲಿಖಿತ ಮನವಿ ಕೊಟ್ಟಿರಬೇಕು. ತಿರಸ್ಕಾರದ ಆದೇಶ ಬಂದರೆ ಅಲ್ಲಿಂದ ಆರು ತಿಂಗಳು ಗಡುವು. ಆರು ತಿಂಗಳು ಕಾದರೂ ಉತ್ತರವೇ ಬರದಿದ್ದರೆ ಅದರ ಮುಂದಿನ ಆರು ತಿಂಗಳು. ಪೆನ್ಷನ್ನಿನಂಥ ತಿಂಗಳು ತಿಂಗಳು ಮುಂದುವರಿಯುವ ನಷ್ಟಕ್ಕೆ ತಡವಾಗಿ ಹೋದರೂ ಬಾಗಿಲು ಮುಚ್ಚುವುದಿಲ್ಲ. ಆದರೆ ಸುಪ್ರೀಂ ಕೋರ್ಟಿನ 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಹಿಂಬಾಕಿ ಸಾಮಾನ್ಯವಾಗಿ ಹಿಂದಿನ ಮೂರು ವರ್ಷದ್ದಷ್ಟೇ ಸಿಗುತ್ತದೆ. ತಡ ಮಾಡಿದಷ್ಟೂ ನಿಮ್ಮ ದುಡ್ಡೇ ಹೋಗುವುದು.

ಪೆನ್ಷನ್ ಇಲ್ಲದೆ ಹೊರಬಂದವರು ಇನ್ನೂ ಬೇಗ ಹೋಗಬೇಕು. ಅಂಥವರ ಕಾಗದಗಳನ್ನು 25 ವರ್ಷ ಆದಮೇಲೆ ನಾಶ ಮಾಡುತ್ತಾರೆ, ಕಾಯಂ ಹೆಸರುಪಟ್ಟಿಯಾದ ಲಾಂಗ್ ರೋಲ್‌ನ ಒಂದು ಸಾಲು ಮಾತ್ರ ಉಳಿಯುತ್ತದೆ. ಆಮೇಲೆ ಯಾರ ಬಳಿಯೂ ಸಾಕ್ಷ್ಯ ಇರುವುದಿಲ್ಲ, ನಿಮ್ಮ ಕೈಯಲ್ಲಿರುವ ಬುಕ್ ಬಿಟ್ಟು.

ತಿದ್ದುಪಡಿ ಪಿಪಿಓ ಬಂದ ದಿನ ಖುಷಿಯಲ್ಲಿ ಹಾಗೇ ಮಡಚಿ ಇಡಬೇಡಿ. ಅದರಲ್ಲೂ ಕಾಗುಣಿತ ತಪ್ಪಿರುವುದನ್ನು ನೋಡಿದ್ದೇನೆ. ಓದಿ, ಸ್ಪರ್ಶ್‌ನಲ್ಲಿ ಲಾಗಿನ್ ಆಗಿ ಅಲ್ಲೂ ಬದಲಾಗಿದೆಯಾ ನೋಡಿ, ಚಿಕಿತ್ಸೆಗೆ ಬಳಸುವ ಇಸಿಎಚ್‌ಎಸ್ ಕಾರ್ಡು, ಕ್ಯಾಂಟೀನ್ ಕಾರ್ಡು, ಸೈನಿಕ ಬೋರ್ಡಿನ ಗುರುತಿನ ಚೀಟಿಯಲ್ಲೂ ಅದೇ ಹೆಸರು ಮಾಡಿಸಿ. ಮೂರು ಜೆರಾಕ್ಸ್ ತೆಗೆಯಿರಿ. ಒಂದು ಬುಕ್ಕಿನ ಜೊತೆ, ಒಂದು ಮಗನ ಅಥವಾ ಮಗಳ ಹತ್ತಿರ. ಮೂರನೆಯದನ್ನು ಹೆಂಡತಿಯ ಕೈಗೆ ಕೊಟ್ಟು, ಅದು ಏನು, ನಾಳೆ ಬೇಕಾದರೆ ಯಾವ ಕಚೇರಿಗೆ ತೆಗೆದುಕೊಂಡು ಹೋಗಬೇಕು ಎಂದು ಕೂತು ಹೇಳಿಕೊಡಿ.